ಒಂದು ಒತ್ತು

ನಲವತ್ತು ವರ್ಷ ಪ್ರೂಫು ತಿದ್ದಿದವನು ನಾನು,
ಲಷ್ಕರ್ ಮೊಹಲ್ಲಾದ ಪ್ರೆಸ್ಸಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ:
ಮದುವೆ ಕಾಗದ, ವೈಕುಂಠ ಸಮಾರಾಧನೆ,
ಸಹಕಾರ ಸಂಘದ ವಾರ್ಷಿಕ ವರದಿ.
'ಶುಭಾಶಯ' ಹೋಗಿ 'ಶುಭಾಷಯ' ಅಚ್ಚಾದರೆ
ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಅಂಥವನ ಹೆಸರನ್ನು
ಅಮ್ಮನ ಸಮಾಧಿ ಕಲ್ಲಿನ ಮೇಲೆ
'ಇಮಾನುವೇಲ' ಎಂದು ಕೆತ್ತಿಸಿದ್ದ ತಮ್ಮ.
ಮಕಾರಕ್ಕೆ ಒತ್ತಿಲ್ಲ.
ದೇವರು ನಮ್ಮ ಸಂಗಡ ಎಂಬ ಅರ್ಥದ ಹೆಸರು,
ಹೆತ್ತವಳೇ ಆರಿಸಿ ಇಟ್ಟದ್ದು.
ಬೇಕೆಂದೇ ಬಿಟ್ಟ, ಅಂದುಕೊಂಡೆ.
ಕಲ್ಲು ನಿಂತ ದಿನವೇ ಮಾತು ನಿಂತಿತು.
ಈ ದಸರೆಗೆ ನಾಲ್ಕು ವರ್ಷ.

ಇವತ್ತು ಸಂಸ್ಕಾರದ ಭಾನುವಾರ.
ಅಯ್ಯನವರು ಓದಿದ್ದು ಆ ಭಾಗ:
ಕಾಣಿಕೆ ಹಿಡಿದು ನಿಂತವನಿಗೆ
ಮುನಿದ ತಮ್ಮನ ನೆನಪಾದರೆ ಏನು ಮಾಡಬೇಕು, ಅನ್ನೋದು.
ನೂರು ಸಲ ಕೇಳಿದ್ದೇ.
ಸಭೆಯ ಕ್ಯಾಲೆಂಡರಿಗೆ ಅದನ್ನು ತಿದ್ದಿಕೊಟ್ಟವನೂ ನಾನೇ,
ಅಲ್ಪವಿರಾಮ ಸಹಿತ.
ಇವತ್ತು ಮಾತ್ರ ಬೆಂಚಿನ ಮೊಳೆಯ ಹಾಗೆ
ಪ್ಯಾಂಟಿಗೆ ಸಿಕ್ಕಿಕೊಂಡಿತು.

ಹೋಗು, ಅಂದಿತು.
ನಾಳೆ ಹೋಗ್ತೀನಿ ಸ್ವಾಮಿ, ಅಂದೆ.
ಹೋಗು.
ತಪ್ಪು ಅವನದಲ್ಲವೇ?
ಅದಕ್ಕೆ ಉತ್ತರವೇ ಬರಲಿಲ್ಲ.

ಲಕೋಟೆಯನ್ನು ಜೇಬಿಗೆ ತುರುಕಿ
ಸಾಲಿನ ಮೊಣಕಾಲುಗಳನ್ನು ಒಂದೊಂದಾಗಿ ದಾಟಿ ಹೊರಗೆ ಬಂದೆ.
ಮುದುಕನಿಗೆ ಅರ್ಜೆಂಟು ಅಂದುಕೊಂಡಿರಬೇಕು.

ಬನ್ನಿಮಂಟಪದಿಂದ ಮೇಟಗಳ್ಳಿಗೆ ನಡೆದೇ ಹೋದೆ.
ಬಸ್ಸಿತ್ತು.
ಬಸ್ಸಾದರೆ ಬೇಗ ಮುಟ್ಟಿಬಿಡುತ್ತದಲ್ಲ.
ಏನು ಹೇಳಲೆಂದು ಮೂರು ಕರಡು ಮಾಡಿದೆ,
ಮೂರರಲ್ಲೂ ನಾನೇ ದೊಡ್ಡವನಾಗಿ ಬಂದೆ.
ಹೊಡೆದುಹಾಕಿದೆ.
ಕಾರಣ ಹೇಳದೆ, ಕೊನೆಯ ಪುಟ ತೋರಿಸದೆ
ಒಂದೇ ಒಂದು ಕ್ರಿಯಾಪದ ಕೊಟ್ಟು ಕಳಿಸುವವನೇ,
ಇಷ್ಟರಲ್ಲಿ ನಾನು ಹೇಗಯ್ಯ ವಾಕ್ಯ ಕಟ್ಟಲಿ?

ಗಿದ್ಯೋನ ಗೇಟಿನ ಬಳಿ ನೀರು ಹಿಡಿಯುತ್ತಿದ್ದ,
ನೀಲಿ ಡ್ರಮ್ಮಿಗೆ.
ನನ್ನ ನೋಡಿದ. ಪೈಪು ಕೈಜಾರಿ ಹಾವಿನಂತೆ ಎದ್ದಿತು,
ಹಿಡಿದುಕೊಂಡೆ. ಅಂಗಿ, ಬೂಟು ಎಲ್ಲ ನೀರು.
ಎರಡು ಡ್ರಮ್ಮು ತುಂಬುವವರೆಗೆ ಮಾತಿಲ್ಲ.
ಮೂರನೆಯದಕ್ಕೆ
ತಪ್ಪಾಯ್ತು ಕಣೋ, ಅಂದೆ
ಡ್ರಮ್ಮಿಗೆ ಹೇಳುವ ಹಾಗೆ.

ಅವನೂ ಡ್ರಮ್ಮಿಗೇ ಹೇಳಿದ:
'ಕಲ್ಲು ಕೆತ್ತೋನು ಅಕ್ಷರಕ್ಕಿಷ್ಟು ಅಂತ ಲೆಕ್ಕ ಹಾಕ್ದ.
ಒತ್ತಿಗೂ ಪೂರ್ತಿ ಅಕ್ಷರದ ದುಡ್ಡೇ.
ಅಮ್ಮನ ಹೆಸರಿಗೆ ಹಾಕಿಸ್ದೆ.
ಅಷ್ಟೊತ್ತಿಗೆ ಕೈ ಖಾಲಿ.
ನಂದೂ ಬಿಟ್ಟೆ. ನೋಡ್ಲಿಲ್ವಾ?'

ನೋಡಿರಲಿಲ್ಲ.
'ಇಮಾನುವೇಲ'ನ ಪಕ್ಕದಲ್ಲೇ
ಅಷ್ಟೇ ದಪ್ಪಕ್ಷರದಲ್ಲಿ 'ಗಿದೋನ'.
ಮೇಲೆ, ರೂತಮ್ಮ. ಅವಳ ಮಕಾರಕ್ಕೆ
ನನ್ನ ಮಕಾರಕ್ಕಿಲ್ಲದ ಒತ್ತು.
ನಲವತ್ತು ವರ್ಷ ಪಳಗಿದ ಕಣ್ಣು
ನಾಲ್ಕು ವರ್ಷದಲ್ಲಿ ಒಮ್ಮೆಯೂ
ಆ ಸಾಲನ್ನು ಕೊನೆಯತನಕ ಓದಿರಲಿಲ್ಲ.

ಕೃಪಾವತಿ ಕಾಫಿ ತಂದಳು, ಸಕ್ಕರೆ ಜಾಸ್ತಿ.
ಮನೆ ಪಾಲಿನ ವಿಷಯ ಹಾಗೇ ಇದೆ,
ಯಾರೂ ಎತ್ತಲಿಲ್ಲ.

ವಾಪಸು ಬರುವಾಗ ಆರಾಧನೆ ಮುಗಿದು
ಬಾಗಿಲಿಗೆ ಬೀಗ. ರೊಟ್ಟಿಯಿಲ್ಲ, ರಸವಿಲ್ಲ.
ಹಸಿವೂ ಇರಲಿಲ್ಲ.
ಸ್ಮಶಾನದ ಗೇಟಿನೆದುರು ಕಾಲು ತಾನೇ ನಿಂತಿತು.
ಜೇಬಿನಲ್ಲಿ ಕೆಂಪು ಪೆನ್ನು.
ಒಳಗೆ ಹೋಗಲಿಲ್ಲ. ನಿಂತಲ್ಲೇ ಹೊಳೆಯಿತು:
ಇಷ್ಟು ವರ್ಷ ತಿದ್ದಿದೆನಲ್ಲ, ಈ ಒತ್ತು
ತನ್ನ ಪಾಡಿಗೆ ತಾನು ನಿಲ್ಲುವುದೇ ಇಲ್ಲ.
ತಲೆಕಟ್ಟು ಕಳಚಿ
ಇನ್ನೊಂದರ ಪಾದದ ಬಳಿ ಕೂತಮೇಲೆಯೇ
ಅದಕ್ಕೊಂದು ಸದ್ದು.

ಕಾಣಿಕೆ ಲಕೋಟೆಯೂ ನೆನೆದಿದೆ.
ಕಿಟಕಿಯಲ್ಲಿ ಒಣಹಾಕಿದ್ದೇನೆ.
ಮೇಲೆ ಬರೆದ ನನ್ನ ಹೆಸರು ಕದಡಿ
ಮೊದಲಿನ ಎರಡಕ್ಷರ ಒಂದಕ್ಕೊಂದು ಹರಿದಿವೆ.
ಬರುವ ಭಾನುವಾರ ಹಾಗೇ ಹಾಕುತ್ತೇನೆ,
ತಿದ್ದುವುದಿಲ್ಲ.